ಮೂರನೇ ತಲೆಮಾರಿಗೆ ಬಂದಿರುವ ಪಾತ್ರೆ ಅಂಗಡಿ, ಉಳಿಸಿಕೊಳ್ಳೋದು ಹೇಗೆ?

ತಿಪಟೂರಿನ ಮಗಳು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ನಮ್ಮದು ತಿಪಟೂರಿನಲ್ಲಿ ಪಾತ್ರೆ ಅಂಗಡಿ. ತಾತ 1961ರಲ್ಲಿ ಶುರು ಮಾಡಿದ್ದು. ಆಗ ಬರೀ ಹಿತ್ತಾಳೆ, ತಾಮ್ರ. ಆಮೇಲೆ ಸ್ಟೀಲ್ ಬಂತು, ಕುಕ್ಕರ್ ಬಂತು, ನಾನ್‌ಸ್ಟಿಕ್ ಬಂತು. ತಾತ 1996ರಲ್ಲಿ ಹೋದರು. ಅವತ್ತಿನಿಂದ ದೊಡ್ಡಪ್ಪ ಮತ್ತು ಅಪ್ಪ ಇಬ್ಬರೇ ಪಾಲುದಾರರು. ದೊಡ್ಡಪ್ಪನಿಗೆ ಈಗ 72, ಅಪ್ಪನಿಗೆ 66. ದೊಡ್ಡಪ್ಪನ ಮಗ, ಅಂದರೆ ನಮ್ಮಣ್ಣ, ಹದಿನೈದು ವರ್ಷದಿಂದ ಅಂಗಡಿಯಲ್ಲೇ ಇದ್ದಾನೆ. ಅಪ್ಪನಿಗೆ ನಾವಿಬ್ಬರು ಹೆಣ್ಣುಮಕ್ಕಳು. ಅಕ್ಕ ಮದುವೆಯಾಗಿ ಮೈಸೂರಿನಲ್ಲಿದ್ದಾಳೆ. ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ, ತಿಂಗಳಲ್ಲಿ ಹತ್ತು ದಿನ ಊರಿಂದಲೇ ಮಾಡುತ್ತೇನೆ.

ಊರಲ್ಲಿದ್ದಾಗ ಸಂಜೆ ಅಂಗಡಿಗೆ ಹೋಗಿ ಕೂರುತ್ತೇನೆ. ಹೋದ ತಿಂಗಳು ಒಬ್ಬರು ಅಜ್ಜಿ ಹಳೇ ಹಿತ್ತಾಳೆ ಬಿಂದಿಗೆ ತಂದಿದ್ದರು, ತೂಕಕ್ಕೆ ಹಾಕಿಕೊಂಡು ಸ್ಟೀಲ್ ಡಬ್ಬ ಕೊಡಿ ಅಂತ. ಅಣ್ಣ ತಕ್ಕಡಿಗೆ ಇಟ್ಟ. ನಾನು ಸುಮ್ನೆ ಕುತ್ತಿಗೆ ಹತ್ತಿರ ಸೆರಗಲ್ಲಿ ಒರೆಸಿ ನೋಡಿದರೆ ಒಂದು ಹೆಸರು, ಅದರ ಕೆಳಗೆ 1968. ಅಕ್ಷರ ನಮ್ಮ ತಾತನದು. ಈಗ ನಾವು ಕರೆಂಟಿನ ಮೆಷಿನ್‌ನಲ್ಲಿ ಹೆಸರು ಕೊರೆಯುತ್ತೇವೆ, ಒಂದೇ ಗೆರೆ, ಒಂದು ನಿಮಿಷದ ಕೆಲಸ. ತಾತ ಸಣ್ಣ ಉಳಿ, ಸುತ್ತಿಗೆ ಇಟ್ಟುಕೊಂಡು ಚುಕ್ಕೆ ಚುಕ್ಕೆಯಾಗಿ ಹೊಡೆಯುತ್ತಿದ್ದರು. 'ಮ್ಮ' ಬರೆಯುವಾಗ ಒತ್ತಕ್ಷರದ ಬಾಲವನ್ನು ಸ್ವಲ್ಪ ಜಾಸ್ತಿನೇ ಎಳೆಯುತ್ತಿದ್ದರು. ಅಜ್ಜಿಗೆ ತೋರಿಸಿದೆ. ಅದು ಅವರ ಅತ್ತೆಯ ಹೆಸರಂತೆ. ಒಂದು ಗಳಿಗೆ ಆ ಅಕ್ಷರದ ಮೇಲೆ ಬೆರಳಾಡಿಸಿ, ಬಿಂದಿಗೆಯನ್ನು ವಾಪಸ್ ಚೀಲಕ್ಕೆ ಹಾಕಿಕೊಂಡು, ಡಬ್ಬಕ್ಕೆ ದುಡ್ಡು ಕೊಟ್ಟೇ ತಗೊಂಡು ಹೋದರು.

ಈ ಅಂಗಡಿ ಮುಚ್ಚಬಾರದು ಅಂತ ನನಗೆ ಅನ್ನಿಸಿದ್ದು ಅವತ್ತು.

ಆದರೆ ಪರಿಸ್ಥಿತಿ ಹೇಳ್ತೀನಿ ಕೇಳಿ. ವ್ಯಾಪಾರ ಮೊದಲಿನ ಹಾಗಿಲ್ಲ. ಮದುವೆಗೆ ಪಾತ್ರೆ ಉಡುಗೊರೆ ಕೊಡೋರು ಕಮ್ಮಿ, ಎಲ್ಲರೂ ಕವರ್ ಕೊಡ್ತಾರೆ. ಕುಕ್ಕರ್, ಮಿಕ್ಸಿ ಎಲ್ಲ ಆನ್‌ಲೈನ್‌ನಲ್ಲಿ ತರಿಸುತ್ತಾರೆ. ನಮ್ಮ ಊರು ಕೊಬ್ಬರಿ ಊರು, ಕೊಬ್ಬರಿ ರೇಟು ಬಿದ್ದ ವರ್ಷ ನಮ್ಮ ಅಂಗಡಿಗೂ ಪೆಟ್ಟು. ಕಟ್ಟಡದ ಖಾತೆ ಇನ್ನೂ ತಾತನ ಹೆಸರಲ್ಲೇ ಇದೆ. ಗಲ್ಲಾಪೆಟ್ಟಿಗೆ ಕೀಲಿ ದೊಡ್ಡಪ್ಪನ ಸೊಂಟದಲ್ಲಿ. ಅಪ್ಪನ ಹತ್ತಿರ ಮುಂದೇನು ಅಂತ ಕೇಳಿದರೆ "ನೋಡೋಣ ಬಿಡು" ಅಂತಾರೆ. ನಾನು ಅಂಗಡಿಗೆ ಬರ್ತೀನಿ ಅಂದರೆ ಅಣ್ಣ ಏನೂ ಮಾತಾಡಲ್ಲ, ಎದ್ದು ಗೋಡೌನ್ ಕಡೆ ಹೋಗ್ತಾನೆ.

ಕೆಲಸ ಬಿಟ್ಟು ಅಂಗಡಿಗೆ ಬರಬೇಕಾ? ಮೂರು ತಲೆಮಾರು ದಾಟಿ ವ್ಯಾಪಾರ ನಡೆಸಿದ ಮನೆಯವರು ಇಲ್ಲಿ ಇದ್ದೀರಾ? ನಿಮ್ಮಲ್ಲಿ ಹೇಗೆ ಮಾಡಿದಿರಿ?

ಕುಂದಾಪ್ರದವ:

ತಂಗೀ, ನಮ್ಮದು ಹೋಟೆಲ್. ಅಜ್ಜಯ್ಯ ಕುಂದಾಪುರದ ಹತ್ತಿರದ ಹಳ್ಳಿಯಿಂದ ಶಿವಮೊಗ್ಗಕ್ಕೆ ಬಂದು ಲೋಟ ತೊಳೆದು, ಸಪ್ಲೈ ಮಾಡಿ, ಆಮೇಲೆ ಸ್ವಂತ ಹೋಟೆಲ್ ಇಟ್ಟವರು. ನಾನು ಮೂರನೆಯವನು. ನನ್ನ ಮಗಳು ಈಗ ಎರಡು ವರ್ಷದಿಂದ ನನ್ನ ಜೊತೆ ಇದ್ದಾಳೆ.

ನಮ್ಮನ್ನು ಉಳಿಸಿದ್ದು ಅಪ್ಪಯ್ಯ ಮಾಡಿದ ಒಂದೇ ಕಟ್ಟುಪಾಡು. ದುಡಿದವರಿಗೆ ಸಂಬಳ, ಪಾಲಿದ್ದವರಿಗೆ ಲಾಭ. ಕೇಳೋಕೆ ಸಣ್ಣ ಮಾತು. ಆದರೆ ನಾವು ಮೂವರು ಅಣ್ಣತಮ್ಮಂದಿರಲ್ಲಿ ಇಬ್ಬರು ಹೊರಗಿದ್ದಾರೆ, ಒಬ್ಬ ದುಬೈ, ಒಬ್ಬ ಬ್ಯಾಂಕ್. ಬೆಳಗ್ಗೆ ನಾಲ್ಕೂವರೆಗೆ ಎದ್ದು ಇಡ್ಲಿ ಹಿಟ್ಟು ನೋಡೋನು ನಾನು. ನನಗೆ ಬೇರೆ ಮ್ಯಾನೇಜರಿಗೆ ಎಷ್ಟು ಕೊಡಬೇಕಿತ್ತೋ ಅಷ್ಟು ಸಂಬಳ ಮೊದಲು ತೆಗೆದಿಡುತ್ತೇವೆ. ಆಮೇಲೆ ಉಳಿದಿದ್ದರಲ್ಲಿ ಮೂರು ಪಾಲು. ಹೀಗಾಗಿ "ನಾನು ಬೆವರು ಸುರಿಸ್ತೀನಿ, ಅವರು ಕೂತು ತಿಂತಾರೆ" ಅಂತ ನನಗೂ ಅನ್ನಿಸಲಿಲ್ಲ, "ಅವನು ಗಲ್ಲಾದಿಂದ ಎಷ್ಟು ತಗೋತಾನೋ" ಅಂತ ಅವರಿಗೂ ಅನ್ನಿಸಲಿಲ್ಲ. ಮನೆಗೆ ಒಂದು ಕೊತ್ತಂಬರಿ ಕಟ್ಟು ಹೋದರೂ ಬರೆದೇ ಹೋಗುತ್ತದೆ.

ಇನ್ನೊಂದು ಮಾತು. ಅಂಗಡಿ ಉಳಿಯೋದು ಬೇರೆ, ಮನೆತನದ ಕೈಯಲ್ಲೇ ಉಳಿಯೋದು ಬೇರೆ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರಲ್ಲಿ ಶುರುವಾಯಿತು. 1970ರಲ್ಲಿ ಬೇರೆ ಮನೆಯವರ ಕೈಗೆ ಹೋಯಿತು. ದೋಸೆ ಉಳಿಯಿತಲ್ಲ! ಎಂಟಿಆರ್ ನೋಡಿ. 1924ರಲ್ಲಿ ಮಯ್ಯರು ಶುರು ಮಾಡಿದ್ದು. ತುರ್ತು ಪರಿಸ್ಥಿತಿಯಲ್ಲಿ ಸರ್ಕಾರ ಹೋಟೆಲ್ ತಿಂಡಿಗೆ ದರ ಕಟ್ಟಿತು, ಆ ದರದಲ್ಲಿ ತಮ್ಮ ಗುಣಮಟ್ಟ ಕೊಡಕ್ಕೆ ಆಗದೆ ಪ್ಯಾಕೆಟ್ ಮಿಕ್ಸ್ ಕಡೆ ತಿರುಗಿದರು. 2007ರಲ್ಲಿ ಆ ಪ್ಯಾಕೆಟ್ ವ್ಯಾಪಾರವನ್ನು ನಾರ್ವೆಯ ಓರ್ಕ್ಲಾ ಕಂಪನಿಗೆ ಮಾರಿದರು, ಹೋಟೆಲ್‌ಗಳನ್ನು ಮಾತ್ರ ಮನೆಯವರೇ ಇಟ್ಟುಕೊಂಡರು. ಯಾವುದನ್ನು ಬಿಡಬೇಕು, ಯಾವುದನ್ನು ಹಿಡಿಯಬೇಕು ಅಂತ ಗೊತ್ತಿದ್ದ ಮನೆ ಅದು. ನಿಮ್ಮ ಅಂಗಡಿಯಲ್ಲಿ ಕುಕ್ಕರ್, ನಾನ್‌ಸ್ಟಿಕ್ ಬಿಟ್ಟರೂ ನಷ್ಟ ಇಲ್ಲ ಅನ್ನಿಸುತ್ತೆ ನನಗೆ. ಆನ್‌ಲೈನ್ ಜೊತೆ ರೇಟಿನಲ್ಲಿ ಗುದ್ದಾಡಿ ಗೆದ್ದವರನ್ನು ನಾನು ನೋಡಿಲ್ಲ. ಕಲಾಯಿ ಹಾಕಿದ ಹಿತ್ತಾಳೆ, ತಾಮ್ರದ ಹಂಡೆ, ಅಡುಗೆ ಭಟ್ಟರಿಗೆ ದೊಡ್ಡ ಕೊಪ್ಪರಿಗೆ, ದೇವಸ್ಥಾನಕ್ಕೆ ಬೇಕಾದ ಸಾಮಾನು, ಕೈಯಲ್ಲಿ ಕೊರೆದ ಹೆಸರು, ಇವೆಲ್ಲ ಕೈಯಲ್ಲಿ ಹಿಡಿದು, ತೂಗಿ, ಬಡಿದು ನೋಡಿ ಕೊಳ್ಳುವ ವಸ್ತು.

ಹೆಣ್ಣುಮಗಳು ಅಂತ ಹಿಂಜರಿಯಬೇಡಿ. ನಮ್ಮ ಕರಾವಳಿಯ ಬಂಟರ ಮನೆಗಳಲ್ಲಿ ಅಳಿಯಸಂತಾನ ಕಟ್ಟಿನಲ್ಲಿ ಆಸ್ತಿ ಹೆಣ್ಣಿನ ಸಂತತಿಯಲ್ಲೇ ಇಳಿದು ಬಂದದ್ದು. ಮನೆತನಗಳೇನೂ ಮುಳುಗಲಿಲ್ಲ.

ದಾವಣಗೆರೆ ಹುಡುಗ:

ನಮ್ಮದು ಉಳಿಯಲಿಲ್ಲ. ಹೇಗೆ ಉಳಿಯಲಿಲ್ಲ ಅಂತ ಹೇಳಿದರೆ ನಿಮಗೆ ಉಪಯೋಗ ಆಗಬಹುದು.

ಜವಳಿ ಅಂಗಡಿ. ಅಪ್ಪ, ಚಿಕ್ಕಪ್ಪ. ಸುತ್ತಲಿನ ಹಳ್ಳಿಯವರಿಗೆಲ್ಲ ಉದ್ದರಿ. ಸುಗ್ಗಿಗೆ ಕೊಡ್ತಾರೆ, ಮತ್ತೆ ಒಯ್ತಾರೆ. ಅಪ್ಪನ ಅಂಗಿ ಜೇಬಿನಲ್ಲಿ ಒಂದು ಸಣ್ಣ ನೋಟ್‌ಬುಕ್ ಇರ್ತಿತ್ತು. ಮೂಲೆಗಳೆಲ್ಲ ಬೆವರಿಗೆ ಮೆತ್ತಗಾಗಿ ದುಂಡಗಾಗಿದ್ದವು. ಅದರಲ್ಲಿ ಹೆಸರು ಪೂರ್ತಿ ಇರ್ತಿರಲಿಲ್ಲ. "ಹ. ಬ. 14", "ಕೆರೆ ಹಿಂದಿನವರು 6", ಹೀಗೆ. ಆ 14 ಅಂದರೆ ಹದಿನಾಲ್ಕು ಸಾವಿರವೋ, ಹದಿನಾಲ್ಕು ಸೀರೆಯೋ ಅಂತ ಅಪ್ಪನಿಗೆ ಮಾತ್ರ ಗೊತ್ತು.

2012ರಲ್ಲಿ ಅಪ್ಪನಿಗೆ ಪಾರ್ಶ್ವವಾಯು ಹೊಡೆಯಿತು. ಮಾತು ಹೋಯಿತು. ನಾನು ನೋಟ್‌ಬುಕ್ ಹಿಡಿದು ಹಾಸಿಗೆ ಪಕ್ಕ ಕೂತು ಒಂದೊಂದೇ ಸಾಲು ಓದಿ "ಇದು ಯಾರಪ್ಪಾ" ಅಂತ ಕೇಳ್ತಿದ್ದೆ. ಅವರು ಬಾಯಿ ತೆರೆಯೋರು, ಸ್ವರ ಬರ್ತಿರಲಿಲ್ಲ, ಕಣ್ಣಲ್ಲಿ ನೀರು ಬರೋದು. ನಾಲ್ಕು ದಿನ ಕೇಳಿ ಬಿಟ್ಟುಬಿಟ್ಟೆ. ಕೆಲವರು ತಾವಾಗೇ ಬಂದು ಕೊಟ್ಟು ಹೋದರು, ಅವರಿಗೆ ಇವತ್ತಿಗೂ ಕೈ ಮುಗಿಯುತ್ತೇನೆ. ಹೆಚ್ಚಿನದು ಬರಲಿಲ್ಲ. ಆದರೆ ನಾವು ಸಗಟು ವ್ಯಾಪಾರಿಗೆ ಕೊಡಬೇಕಾದ್ದು ನಿಲ್ಲುತ್ತಾ? ಚಿಕ್ಕಪ್ಪನಿಗೆ ನಮ್ಮ ಮೇಲೆ ಅನುಮಾನ, ನಮಗೆ ಚಿಕ್ಕಪ್ಪನ ಮೇಲೆ. "ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು" ಅಂತಾರೆ. ನನಗೇನೋ ನಮ್ಮಲ್ಲಿ ದ್ವೇಷ ಇತ್ತು ಅನ್ನಿಸಲ್ಲ. ಲೆಕ್ಕ ಇರಲಿಲ್ಲ, ಆ ಖಾಲಿ ಜಾಗದಲ್ಲಿ ಅನುಮಾನ ಬಂದು ಕೂತಿತು. ಒಂದೂವರೆ ವರ್ಷಕ್ಕೆ ಬಾಗಿಲು ಹಾಕಿದೆವು. ಈಗ ಆ ಜಾಗದಲ್ಲಿ ಮೊಬೈಲ್ ಅಂಗಡಿ. ತಿಂಗಳ ಬಾಡಿಗೆ ಸರಿಯಾಗಿ ಬರುತ್ತೆ. ಆ ರಸ್ತೆಯಲ್ಲಿ ನಾನು ಹೋಗಲ್ಲ.

ದೊಡ್ಡಪ್ಪನ ತಲೆಯಲ್ಲಿ ಇರೋದನ್ನು ಇವತ್ತೇ ಪುಸ್ತಕಕ್ಕೆ ಇಳಿಸಿ. ಯಾರು ಎಷ್ಟು ಕೊಡಬೇಕು, ನಾವು ಯಾರಿಗೆ ಕೊಡಬೇಕು, ಯಾವ ವ್ಯಾಪಾರಿ ಎಷ್ಟು ದಿನ ಕಾಯ್ತಾನೆ, ಎಲ್ಲ. ಕೆಲಸ ಬಿಡೋದು ಬಿಡದೇ ಇರೋದು ಆಮೇಲೆ ಯೋಚಿಸಿ.

ಲೆಕ್ಕದ ಮೇಷ್ಟ್ರು:

ತುಮಕೂರಿನಲ್ಲಿ ತೆರಿಗೆ ಲೆಕ್ಕದ ಕೆಲಸ ಮಾಡುತ್ತೇನೆ. ನಿಮ್ಮ ಪ್ರಶ್ನೆಯಲ್ಲಿ ಎರಡು ವಿಷಯ ಓದಿ ಎದೆ ಧಸಕ್ ಅಂತು, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲನೆಯದು, "ಇಬ್ಬರೇ ಪಾಲುದಾರರು" ಅಂದಿರಿ. 1932ರ ಪಾಲುದಾರಿಕೆ ಕಾಯ್ದೆ ಪ್ರಕಾರ, ಕರಾರಿನಲ್ಲಿ ಬೇರೆ ಥರ ಬರೆಯದಿದ್ದರೆ ಒಬ್ಬ ಪಾಲುದಾರ ತೀರಿಕೊಂಡ ತಕ್ಷಣ ಸಂಸ್ಥೆಯೇ ವಿಸರ್ಜನೆ ಆಗುತ್ತದೆ. ಇಬ್ಬರೇ ಇದ್ದಾಗ ಕರಾರಿನಲ್ಲಿ "ಮುಂದುವರಿಯತಕ್ಕದ್ದು" ಅಂತ ಬರೆದಿದ್ದರೂ ಉಪಯೋಗಕ್ಕೆ ಬರಲ್ಲ, ಒಬ್ಬರೇ ಉಳಿದರೆ ಪಾಲುದಾರಿಕೆ ಎಲ್ಲಿಂದ ಬಂತು? ಪ್ಯಾನ್ ಬೇರೆ ಆಗುತ್ತೆ, ಜಿಎಸ್‌ಟಿ ನೋಂದಣಿ ಹೊಸದಾಗಿ ಮಾಡಿಸಬೇಕು, ಹಳೇ ನಂಬರಿನಲ್ಲಿ ಉಳಿದ ಕ್ರೆಡಿಟ್ ಅನ್ನು (ಖರೀದಿಯಲ್ಲಿ ಕಟ್ಟಿದ ತೆರಿಗೆಯ ಜಮೆ) ಐಟಿಸಿ-02 ಫಾರಂನಲ್ಲಿ ದಾಟಿಸಬೇಕು, ಬ್ಯಾಂಕಿನ ಓವರ್‌ಡ್ರಾಫ್ಟ್ ಸಾಲದ ಖಾತೆ ಅಲ್ಲಿಗೇ ನಿಲ್ಲುತ್ತೆ. ಮನೆಯಲ್ಲಿ ಸೂತಕ, ಅಂಗಡಿಯಲ್ಲಿ ಇದು. ದೊಡ್ಡಪ್ಪ, ಅಪ್ಪ ಇಬ್ಬರೂ ಗಟ್ಟಿಯಾಗಿರುವಾಗಲೇ ಮೂರನೆಯವರು, ಸಾಧ್ಯವಾದರೆ ನಾಲ್ಕನೆಯವರೂ ಕರಾರಿನೊಳಗೆ ಬರಬೇಕು. ಆಗ ಪ್ಯಾನ್ ಅದೇ ಇರುತ್ತೆ. ಜಿಎಸ್‌ಟಿಯಲ್ಲಿ 15 ದಿನದೊಳಗೆ ತಿದ್ದುಪಡಿ ಹಾಕಿದರೆ ಆಯಿತು. ಸಂಸ್ಥೆ ನೋಂದಣಿ ಆಗಿದೆಯಾ ಅಂತಲೂ ನೋಡಿ. ನೋಂದಣಿ ಇಲ್ಲದಿದ್ದರೆ ಉದ್ದರಿ ವಸೂಲಿಗೆ ಸಂಸ್ಥೆ ಹೆಸರಲ್ಲಿ ದಾವೆ ಹಾಕಕ್ಕೆ ಬರಲ್ಲ. ಹಾಕಕ್ಕೆ ಬಂದರೂ ಮೂರು ವರ್ಷ ಮೀರಿದ ಬಾಕಿ ಕಾಲ ಮೀರಿದ ಹಾಗೇ.

ಎರಡನೆಯದು ಕಟ್ಟಡ. ಅದು ತಾತನ ಸ್ವಂತ ಸಂಪಾದನೆಯದ್ದಾಗಿದ್ದು, ವಿಲ್ ಬರೆದಿಲ್ಲ ಅಂತಾದರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಅಜ್ಜಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲು. 2005ರ ತಿದ್ದುಪಡಿ ಬಂದ ಮೇಲೆ ಮಾತ್ರ ಹೆಣ್ಣುಮಕ್ಕಳಿಗೆ ಹಕ್ಕು ಅಂತ ಬಹಳ ಜನ ತಿಳಿದಿದ್ದಾರೆ. ಅದು ಪಿತ್ರಾರ್ಜಿತದ ಮಾತು. ತಂದೆಯ ಸ್ವಂತ ಆಸ್ತಿಯಲ್ಲಿ 1956ರಿಂದಲೇ ಇದೆ. ನಿಮಗೆ ಅತ್ತೆಯಂದಿರು ಇದ್ದಾರಾ?

ತಿಪಟೂರಿನ ಮಗಳು:

ಇಬ್ಬರು ಅತ್ತೆಯಂದಿರು ಇದ್ದಾರೆ ಸರ್. ಅಜ್ಜಿ 2004ರಲ್ಲಿ ಹೋದರು, ಅವರೂ ಏನೂ ಬರೆದಿಟ್ಟಿಲ್ಲ. ಅತ್ತೆಯಂದಿರ ಪಾಲಿನ ಮಾತು ನಮ್ಮ ಮನೆಯಲ್ಲಿ ಯಾರೂ ಯಾವತ್ತೂ ಎತ್ತಿಲ್ಲ. ನಾನೂ ಯೋಚಿಸಿರಲಿಲ್ಲ. ಹೆಣ್ಣುಮಗಳಾಗಿ ನನ್ನ ಹಕ್ಕಿನ ಬಗ್ಗೆ ಮಾತ್ರ ಯೋಚಿಸುತ್ತಿದ್ದೆ.

ಲೆಕ್ಕದ ಮೇಷ್ಟ್ರು:

ಹಾಗಾದರೆ ಕಟ್ಟಡದಲ್ಲಿ ನಾಲ್ಕು ಮಕ್ಕಳಿಗೂ ನಾಲ್ಕನೇ ಒಂದು ಪಾಲು. ಹೆದರಬೇಡಿ, ದಾರಿ ಇದೆ. ಮೊದಲು ವಂಶವೃಕ್ಷ ಮಾಡಿಸಿ, ವಾರಸುದಾರರ ಹೆಸರಿಗೆ ಖಾತೆ ಮಾಡಿಸಿ. ಆಮೇಲೆ ಅತ್ತೆಯಂದಿರು ಖುಷಿಯಿಂದ ಬಿಟ್ಟುಕೊಡುವುದಾದರೆ ಹಕ್ಕು ಬಿಡುಗಡೆ ಪತ್ರ ನೋಂದಣಿ ಮಾಡಿಸಬಹುದು. ಆದರೆ ನನ್ನನ್ನು ಕೇಳಿದರೆ ಸುಮ್ನೆ ಬಿಡಿಸಿಕೊಳ್ಳಬೇಡಿ. ಕಟ್ಟಡ ನಾಲ್ವರದ್ದು, ಅಂಗಡಿ ಪಾಲುದಾರರದ್ದು ಅಂತ ಬೇರೆ ಬೇರೆ ಮಾಡಿ. ಅಂಗಡಿ ಪ್ರತಿ ತಿಂಗಳು ಕಟ್ಟಡಕ್ಕೆ ಬಾಡಿಗೆ ಕೊಡಲಿ, ಒಂದೊಂದು ಪಾಲು ಅತ್ತೆಯಂದಿರ ಖಾತೆಗೂ ಹೋಗಲಿ. ಆಗ ಇನ್ನೊಂದು ಸಂಗತಿ ಬಯಲಾಗುತ್ತೆ. ಎಷ್ಟೋ ಹಳೇ ಅಂಗಡಿಗಳು ಲಾಭದಲ್ಲಿವೆ ಅಂತ ಮನೆಯವರು ತಿಳಿದಿರುತ್ತಾರೆ. ನ್ಯಾಯವಾದ ಬಾಡಿಗೆ, ಕೂತವರಿಗೆ ನ್ಯಾಯವಾದ ಸಂಬಳ ಕಳೆದು ನೋಡಿದರೆ ಉಳಿಯೋದು ಸೊನ್ನೆ. ನಿಮ್ಮದು ಹೇಗಿದೆ ಅಂತ ಮೊದಲು ತಿಳಿದುಕೊಳ್ಳಿ.

ಅಪ್ಪನಿಗೆ ಬರುವ ಪಾಲಿಗೆ ಅವರು ವಿಲ್ ಬರೆಯಬಹುದು. ನೋಂದಣಿ ಕಡ್ಡಾಯ ಅಲ್ಲ, ಇಬ್ಬರು ಸಾಕ್ಷಿಗಳು ಬೇಕು. ಆದರೂ ನೋಂದಣಿ ಮಾಡಿಸಿ. ಕಾಗದಗಳನ್ನು ಒಬ್ಬ ಒಳ್ಳೇ ವಕೀಲರ ಕೈಲಿ ಓದಿಸಿ, ನಾನು ದೂರದಿಂದ ಹೇಳುತ್ತಿರುವುದು.

ಅಂಗಡಿಯಲ್ಲಿ ಕೂತವನು:

ರಾಣೆಬೆನ್ನೂರಿನಲ್ಲಿ ನಮ್ಮದು ಬೀಜ, ಗೊಬ್ಬರದ ಅಂಗಡಿ. ಎಲ್ಲರೂ ತಂಗಿಗೆ ಧೈರ್ಯ ಹೇಳುತ್ತಿದ್ದೀರಿ, ಒಳ್ಳೇದು. ನಾನು ಆ ಅಣ್ಣನ ಕಡೆಯಿಂದ ಎರಡು ಮಾತು ಹೇಳಬೇಕು. ಅಂಥ ಅಣ್ಣ ನಾನೇ.

ನನ್ನ ತಮ್ಮ ಇಂಜಿನಿಯರಿಂಗ್ ಓದಿದ, ತಂಗಿ ಓದಿದಳು. ನಾನು ಪಿಯುಸಿ ಮುಗಿಸಿ ಅಂಗಡಿಗೆ ಬಂದೆ, ಯಾಕೆಂದರೆ ಯಾರಾದರೂ ಒಬ್ಬರು ಬರಬೇಕಿತ್ತು. ಇಪ್ಪತ್ತೆರಡು ವರ್ಷ ಆಯಿತು. ಸಂಬಳ ಅಂತ ಇಲ್ಲ. ಹೆಂಡತಿಗೆ ಒಂದು ಸೀರೆ ತರಬೇಕಾದರೂ ಅಪ್ಪನ ಮುಂದೆ ಹೋಗಿ ನಿಲ್ಲಬೇಕು. ಅಪ್ಪ ಯಾವತ್ತೂ ಇಲ್ಲ ಅಂದಿಲ್ಲ, ಆದರೆ ನಲವತ್ತು ದಾಟಿದವನು ಕೇಳಬೇಕಲ್ಲ! ಮುಂಗಾರು ಶುರುವಾದಾಗ ಬೆಳಗ್ಗೆ ಆರಕ್ಕೆ ರೈತರು ಬಾಗಿಲಲ್ಲಿ ನಿಂತಿರುತ್ತಾರೆ, ಬೀಜ ಹುಟ್ಟದಿದ್ದರೆ ಬೈಸಿಕೊಳ್ಳೋನೂ ನಾನೇ. ಹಬ್ಬಕ್ಕೆ ಬಂದ ತಮ್ಮ ಊಟ ಮಾಡ್ತಾ "ಕಂಪ್ಯೂಟರ್ ಹಾಕಿಸು, ಆ್ಯಪ್ ಮಾಡು" ಅಂದಾಗ ನನಗೆ ಅನ್ನ ಗಂಟಲಲ್ಲಿ ಇಳಿಯಲ್ಲ. ಅವನು ಹೇಳೋದು ತಪ್ಪಲ್ಲ. ಆದರೆ ಮೊದಲು "ಇಷ್ಟು ವರ್ಷ ನೀನು ನಡೆಸಿದೆ" ಅಂತ ಒಂದು ಮಾತು ಬರಬೇಕು.

ನಿಮ್ಮಣ್ಣ ಗೋಡೌನ್ ಕಡೆ ಎದ್ದು ಹೋಗೋದು ನಿಮ್ಮ ಮೇಲಿನ ಸಿಟ್ಟಿಗಲ್ಲ ಅಂತ ನನ್ನ ಅಂದಾಜು. ನಾಳೆ ಪಾಲು ಆದರೆ ತನ್ನ ಹದಿನೈದು ವರ್ಷಕ್ಕೆ ಲೆಕ್ಕವೇ ಇರಲ್ಲ ಅನ್ನೋ ಭಯ. ಅಪ್ಪನ ಹತ್ತಿರ ಮಾತಾಡುವ ಮೊದಲು ಅವನ ಹತ್ತಿರ ಮಾತಾಡಿ. ಅಂಗಡಿಯಲ್ಲಿ ಬೇಡ, ಹೊರಗೆ ಎಲ್ಲಾದರೂ.

ಒಸಾಕಾ ಕನ್ನಡಿಗ:

ಜಪಾನಿನ ಒಸಾಕಾದಲ್ಲಿ ಒಂಬತ್ತು ವರ್ಷದಿಂದ ಇದ್ದೇನೆ, ಹಾಸನದವನು. ಇಲ್ಲಿ ಶಿತೆನ್ನೊಜಿ ಅಂತ ಒಂದು ಹಳೇ ಬೌದ್ಧ ದೇವಾಲಯ ಇದೆ. ಅದನ್ನು ಕಟ್ಟಿದ ಬಡಗಿಗಳ ಮನೆತನದ ಸಂಸ್ಥೆ ಕೊಂಗೊ ಗುಮಿ, ಶುರುವಾದದ್ದು 578ರಲ್ಲಿ. ನಮ್ಮಲ್ಲಿ ಬಾದಾಮಿ ಚಾಲುಕ್ಯರ ಮೊದಲ ಗುಹೆಗಳ ಕಾಲ. ನಲವತ್ತು ತಲೆಮಾರು ಒಂದೇ ಮನೆತನ ನಡೆಸಿತು.

ಹೇಗೆ ಅಂತ ಕುತೂಹಲ ಆಗಿ ತಿಳಿದುಕೊಂಡೆ. ಹಿರಿಮಗನಿಗೇ ಕೊಡಬೇಕು ಅಂತ ಅವರು ಹಟ ಹಿಡಿಯಲಿಲ್ಲ. ಮಗನಿಗೆ ಕೈ ಬರಲ್ಲ ಅಂದರೆ ಕೆಲಸ ಬಲ್ಲ ಅಳಿಯನನ್ನು ಮನೆಗೆ ತಂದು, ಮನೆತನದ ಹೆಸರನ್ನೇ ಇಟ್ಟು, ಅವನಿಗೆ ವಹಿಸಿದರು. 1930ರ ದಶಕದಲ್ಲಿ ಯಜಮಾನ ತೀರಿಹೋದಾಗ ಅವನ ಹೆಂಡತಿ ಯೊಶಿಯೆ 38ನೆಯ ಯಜಮಾನಿಯಾಗಿ ನಿಂತಳು. ಬಡಗಿಗಳ ಲೋಕದಲ್ಲಿ, ಆ ಕಾಲದಲ್ಲಿ!

ಅಂಥ ಸಂಸ್ಥೆ ಮನೆತನದ ಕೈ ತಪ್ಪಿದ್ದು ಹೇಗೆ ಗೊತ್ತಾ? ದೇವಾಲಯದ ಕೆಲಸ ಕಮ್ಮಿಯಾಗಿದ್ದೂ ಒಂದು ಕಾರಣ. ಆದರೆ 1980ರ ದಶಕದಲ್ಲಿ ಇಲ್ಲಿ ಜಮೀನಿನ ಬೆಲೆ ಹುಚ್ಚುಹುಚ್ಚಾಗಿ ಏರಿದಾಗ ಸಾಲ ಮಾಡಿ ಜಾಗ ಕೊಂಡಿದ್ದೇ ದೊಡ್ಡ ಪೆಟ್ಟು. ಬೆಲೆ ಕುಸಿಯಿತು, ಸಾಲ ಉಳಿಯಿತು. 2006ರಲ್ಲಿ ತಕಮತ್ಸು ಅನ್ನೋ ಕಟ್ಟಡ ಕಂಪನಿ ಅದನ್ನು ತನ್ನೊಳಗೆ ತಗೊಂಡಿತು. ಬಡಗಿಗಳು ಈಗಲೂ ಅದೇ ಹೆಸರಲ್ಲಿ ದೇವಾಲಯ ಕಟ್ಟುತ್ತಿದ್ದಾರೆ.

ಅಂಗಡಿಯನ್ನು ಚೆನ್ನಾಗಿ ಕಾಣಿಸಬೇಕು ಅಂತ ಈಗಲೇ ದೊಡ್ಡ ಸಾಲ ಮಾಡಿ ಶೋರೂಂ ಕಟ್ಟಕ್ಕೆ ಮಾತ್ರ ಹೋಗಬೇಡಿ ತಂಗಿ. ಅದೊಂದು ಬೇಡಿಕೆ.

ತಿಪಟೂರಿನ ಮಗಳು:

ಮೂರು ವಾರ ಆದ ಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ. ಎಲ್ಲರ ಮಾತನ್ನೂ ಎರಡೆರಡು ಸಲ ಓದಿದೆ.

ರಾಣೆಬೆನ್ನೂರಿನ ಅಣ್ಣ ಹೇಳಿದ ಹಾಗೇ ಮಾಡಿದೆ. ಅಣ್ಣನನ್ನು ಕರೆದುಕೊಂಡು ಒಂದು ಭಾನುವಾರ ತೋಟಕ್ಕೆ ಹೋದೆ. "ಹದಿನೈದು ವರ್ಷ ನೀನು ಇಲ್ಲದಿದ್ದರೆ ಅಂಗಡಿ ಇರ್ತಿರಲಿಲ್ಲ" ಅಂದೆ. ತುಂಬ ಹೊತ್ತು ಸುಮ್ಮನಿದ್ದ. ಆಮೇಲೆ ಎಲ್ಲ ಹೇಳಿದ. ಅವನಿಗೂ ಸಂಬಳ ಇಲ್ಲ. ಹೋದ ವರ್ಷ ಮಗಳ ಸ್ಕೂಲ್ ಫೀಸಿಗೆ ಅತ್ತಿಗೆ ಬಳೆ ಅಡ ಇಟ್ಟಿದ್ದಾರೆ, ನಮಗ್ಯಾರಿಗೂ ಗೊತ್ತೇ ಇಲ್ಲ. ಹೋಟೆಲಿನವರ ಕಟ್ಟುಪಾಡು ಹೇಳಿದೆ, ದುಡಿದವರಿಗೆ ಸಂಬಳ, ಪಾಲಿದ್ದವರಿಗೆ ಲಾಭ. "ಹಿಂಗೆ ಆಗೋದಾದರೆ ನೀನು ಬಾ, ಬಿಲ್ಲು ಲೆಕ್ಕ ನೀನು ನೋಡು" ಅಂದ.

ದೊಡ್ಡಪ್ಪ, ಅಪ್ಪ, ಅಣ್ಣ, ನಾನು ನಾಲ್ವರೂ ಕೂತು ಮಾತಾಡಿದೆವು. ಸಂಬಳಕ್ಕೆ ದೊಡ್ಡಪ್ಪ ಒಪ್ಪಿದರು, ಈ ತಿಂಗಳಿಂದ ಅಣ್ಣನಿಗೆ ಶುರು. ಕರಾರಿನಲ್ಲಿ ಅಣ್ಣ ಮತ್ತು ನಾನು ಇಬ್ಬರೂ ಸೇರುತ್ತೇವೆ, ವಕೀಲರು ಬರೆಯುತ್ತಿದ್ದಾರೆ. ಸದ್ಯ ಕೆಲಸ ಬಿಡುತ್ತಿಲ್ಲ. ಒಂದು ವರ್ಷದ ಲೆಕ್ಕ ನೋಡಿ ತೀರ್ಮಾನ ಮಾಡುತ್ತೇನೆ.

ಅತ್ತೆಯಂದಿರ ವಿಷಯ ಕಷ್ಟ ಆಯಿತು. ನಾನು ಎತ್ತಿದಾಗ ಅಪ್ಪ "ಅವರು ಯಾವತ್ತು ಕೇಳಿದಾರೆ" ಅಂತ ರೇಗಿದರು. ದೊಡ್ಡಪ್ಪ ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಅವರೇ ದೊಡ್ಡತ್ತೆಗೆ ಫೋನ್ ಮಾಡಿದರು. ನಾನು ಪಕ್ಕದಲ್ಲೇ ಇದ್ದೆ. ಬಾಡಿಗೆ ಮಾತು ಹೇಳಿದಾಗ ಅತ್ತೆ ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ, ಆಮೇಲೆ ಅಳುವ ಸದ್ದು ಕೇಳಿಸಿತು. ಚಿಕ್ಕತ್ತೆ ಇನ್ನೂ ಏನೂ ಹೇಳಿಲ್ಲ, ಮಗನನ್ನು ಕೇಳಬೇಕು ಅಂದಿದ್ದಾರೆ. ಅದು ಅವರ ಹಕ್ಕು.

ದಾವಣಗೆರೆಯವರೇ, ನೀವು ಬರೆದದ್ದನ್ನು ದೊಡ್ಡಪ್ಪನಿಗೆ ಗಟ್ಟಿಯಾಗಿ ಓದಿ ಹೇಳಿದೆ. ನೋಟ್‌ಬುಕ್ ಜಾಗ ಬಂದಾಗ ಅವರ ಕೈ ತಾನಾಗೇ ಜೇಬಿಗೆ ಹೋಯಿತು. ಈಗ ದಿನಾ ರಾತ್ರಿ ಅಂಗಡಿ ಮುಚ್ಚಿದ ಮೇಲೆ ಅರ್ಧ ಗಂಟೆ ಅವರು ಹೇಳ್ತಾರೆ, ನಾನೋ ಅಣ್ಣನೋ ಬರೀತೀವಿ. ನೂರಾ ನಲವತ್ತು ಹೆಸರು ಆಗಿದೆ. ಕೆಲವು ಹೆಸರಿಗೆ ನಿಂತು ಆ ಮನೆಯ ಮದುವೆ, ಆ ಮನೆಗೆ ಕೊಟ್ಟ ಹಂಡೆ, ಎಲ್ಲ ಹೇಳ್ತಾರೆ, ಅದನ್ನೂ ಬರೆದುಕೊಳ್ಳುತ್ತಿದ್ದೇನೆ.

ಕೀಲಿ ಇನ್ನೂ ದೊಡ್ಡಪ್ಪನ ಸೊಂಟದಲ್ಲೇ ಇದೆ. ಆದರೆ ಮೊನ್ನೆ ಗಲ್ಲಾದ ಕೆಳಗಿನ ಖಾನೆ ತೆಗೆದು ತಾತನ ಉಳಿ, ಸುತ್ತಿಗೆ ಹೊರಗೆ ಇಟ್ಟರು. ಸುತ್ತಿಗೆಯ ಹಿಡಿ ಹೆಬ್ಬೆರಳು ಕೂರುವ ಜಾಗದಲ್ಲಿ ಸವೆದು ಕುಳಿ ಬಿದ್ದಿದೆ. ಅಣ್ಣನ ಹೆಬ್ಬೆರಳು ಅಲ್ಲಿ ಸರಿಯಾಗಿ ಕೂರುತ್ತೆ. ಒಂದು ಹಳೇ ತಟ್ಟೆ ಮೇಲೆ ದಿನಾ ಮಧ್ಯಾಹ್ನ ಅಭ್ಯಾಸ ಮಾಡುತ್ತಿದ್ದಾನೆ, 'ಮ್ಮ' ಇನ್ನೂ ಸರಿಯಾಗಿ ಬರುತ್ತಿಲ್ಲ.